ಕೋಳಿ ಸಲಾಮಿ: ಕೊಪ್ಪಳ ಸೀಮೆಯ ಮನೆಯಡುಗೆಯಲ್ಲಿ

ಎಲುಬು ಬಿಡಿಸಿದ ಕೋಳಿಮಾಂಸಕ್ಕೆ ಉಪ್ಪು, ಮಸಾಲೆ ಹಾಕಿ ಅಂಟು ಬರುವಂತೆ ನಾದಿ, ಡಬ್ಬಿಯಲ್ಲೋ ಬಟ್ಟೆಯಲ್ಲೋ ಒತ್ತಿ ತುಂಬಿ, ಹದವಾದ ಶಾಖದಲ್ಲಿ ಬೇಯಿಸಿ, ಪೂರ್ತಿ ತಣಿದ ಮೇಲೆ ತೆಳುವಾಗಿ ಕೊಯ್ದು ತಿನ್ನುವ ಪದಾರ್ಥ. ಪೇಟೆಯಲ್ಲಿ ಚಿಕನ್ ಸಲಾಮಿ, ಚಿಕನ್ ಹ್ಯಾಮ್ ಎಂದು ಪ್ಯಾಕೆಟ್ ಕಟ್ಟಿ ಮಾರುವುದು ಇದನ್ನೇ. ಇಟಲಿಯ ಮೂಲ ಸಲಾಮಿ ಹಸಿ ಮಾಂಸವನ್ನು ಹುಳಿಯಿಸಿ ವಾರ, ತಿಂಗಳುಗಟ್ಟಲೆ ಆರಿಸಿ ಮಾಡುವಂಥದ್ದು. ಅದನ್ನು ಕೋಳಿಯಲ್ಲಿ, ಅದೂ ಮನೆಯಲ್ಲಿ, ಮಾಡಲು ಹೋಗಬಾರದು. ಇಲ್ಲಿ ಹೇಳಿರುವುದೆಲ್ಲ ಬೇಯಿಸಿದ ಬಗೆಯ ವಿಚಾರ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ರಾಯಚೂರಿನಿಂದ ಬಿಡಿಸಿ 1997ರಲ್ಲಿ ಕೊಪ್ಪಳ ಜಿಲ್ಲೆ ಮಾಡಲಾಯಿತು. ಕನಕಗಿರಿ, ಕಾರಟಗಿ, ಕುಕನೂರು ಆಮೇಲೆ ಇವುಗಳಿಂದಲೇ ಒಡೆದ ತಾಲ್ಲೂಕುಗಳು. ಸಲಾಮಿ ಈ ನೆಲದ ಹಳೆಯ ಅಡುಗೆಯಲ್ಲ. ಆದರೆ ಅದಕ್ಕೆ ಬೇಕಾದ ಸಾಮಾನು ಬಹುಪಾಲು ಇಲ್ಲೇ ಇದೆ: ಕಣ್ಣೆದುರೇ ಕೊಯ್ದುಕೊಡುವ ಕೋಳಿ ಅಂಗಡಿ, ಬಳ್ಳೊಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಮನೆಮನೆಯಲ್ಲೂ ಸೀಟಿ ಹೊಡೆಯುವ ಕುಕ್ಕರ್. ಈ ಅಡುಗೆ ನಿಲ್ಲುವುದು ಉಪ್ಪು, ಬೆಂಕಿ, ತಂಪು ಎಂಬ ಮೂರರ ಮೇಲೆ. ಮೊದಲೆರಡಕ್ಕೆ ಇಲ್ಲಿ ಎಂದೂ ಬರವಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಮೂರನೆಯದೇ ಕಷ್ಟ. ಅಡುಗೆಪುಸ್ತಕಗಳು ಬೇಯಿಸುವುದನ್ನು ಪುಟಗಟ್ಟಲೆ ವಿವರಿಸಿ, ತಣಿಸುವುದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಕೊಪ್ಪಳದ ಮಟ್ಟಿಗೆ ಅದು ತಲೆಕೆಳಗಾದ ಲೆಕ್ಕ.

ಹಿನ್ನೆಲೆ

ಈ ಭಾಗದ ಹೆಸರಾಂತ ಊಟ ಸಸ್ಯಾಹಾರದ್ದು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಬರುವ ರೊಟ್ಟಿ, ಮಾದಲಿ ಎಲ್ಲರಿಗೂ ಗೊತ್ತು. ಬರಹದಲ್ಲಿಯೂ ಹಾಗೆಯೇ. ಕನ್ನಡದಲ್ಲಿ ಅಡುಗೆಯ ಬಗ್ಗೆ ಬಂದ ಹಳೆಯ ಗ್ರಂಥಗಳು, ಅಂದರೆ 11ನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರ, 16ನೆಯ ಶತಮಾನದ ಮೂರನೆಯ ಮಂಗರಸನ ಸೂಪಶಾಸ್ತ್ರ, ಮಾಂಸದಡುಗೆಯ ತಂಟೆಗೇ ಹೋಗುವುದಿಲ್ಲ. ಮಂಗರಸ ಜೈನ, ಕೊಪಣವೆಂದು ಕರೆಸಿಕೊಂಡ ಕೊಪ್ಪಳವಂತೂ ಜೈನರ ಪುಣ್ಯಕ್ಷೇತ್ರವಾಗಿತ್ತು. ಮಾಂಸದಡುಗೆಯ ದಾಖಲೆ ಸಿಗುವುದು ಸಂಸ್ಕೃತದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಬರೆಸಿದ ಮಾನಸೋಲ್ಲಾಸದಲ್ಲಿ. ಅದರ ಅನ್ನಭೋಗದ ಭಾಗದಲ್ಲಿ ಕೆಂಡದಲ್ಲಿ ಸುಡುವ ಮಾಂಸವಿದೆ, ಕರುಳಿನೊಳಗೆ ಮಜ್ಜೆ, ಮಸಾಲೆ ತುಂಬಿ ಬೇಯಿಸುವ ಕ್ರಮವಿದೆ. ಮಾಂಸವನ್ನು ಒಂದು ಚೀಲದಲ್ಲಿ ತುಂಬಿ ಆಕಾರ ಕೊಡುವ ಯೋಚನೆ ಈ ಸೀಮೆಯ ಅರಸರ ಅಡುಗೆಮನೆಗೆ ಹೊಸದಾಗಿರಲಿಲ್ಲ ಎನ್ನಲು ಅಷ್ಟು ಸಾಕು. ಅದೇ ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಕುಕನೂರಿನ ಹತ್ತಿರದ ಇಟಗಿಯಲ್ಲಿದೆ. ರಾಜಧಾನಿಯ ನಡೆನುಡಿ ಇಲ್ಲಿಗೆ ದೂರದ್ದೇನೂ ಆಗಿರಲಿಲ್ಲ.

ಮುಂದೆ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಖೈಮಾ, ಕಬಾಬು, ದಮ್ ಕಟ್ಟಿ ಬೇಯಿಸುವ ರೂಢಿ ಈ ಊರುಗಳ ಮಾತಿನಲ್ಲಿಯೂ ಒಲೆಯಲ್ಲಿಯೂ ಇಳಿದದ್ದು ಆ ನಂಟಿನಿಂದ. ಮಡಕೆಯ ಬಾಯಿಗೆ ಕಣಕ ಮೆತ್ತಿ ಒಳಗಿನ ಹಬೆಯನ್ನು ಒಳಗೇ ಇರಿಸುವ ದಮ್, ಇವತ್ತಿನ ಮಲ್ಟಿಕುಕ್ಕರಿನ ಕೆಲಸವನ್ನು ರಬ್ಬರ್ ಗ್ಯಾಸ್ಕೆಟ್ ಇಲ್ಲದೆ ಮಾಡುತ್ತಿತ್ತು.

ಮಾಂಸವನ್ನು ಕಾಯ್ದಿಡುವ ಹಳೆಯ ದಾರಿ ಮಾತ್ರ ಬೇರೆ: ಒಣಖಂಡ. ಕುರಿ, ಆಡಿನ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು, ಅರಿಷಿಣ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟುವುದು. ಬಕ್ರೀದ್ ಮುಗಿದ ಮೇಲೆ ಮಿಕ್ಕದ್ದಕ್ಕೆ, ಜಾತ್ರೆಯಲ್ಲಿ ಕೊಯ್ದ ಬ್ಯಾಟಿಯ ಉಳಿಕೆಗೆ ಇದೇ ಗತಿ. ಒಣಹವೆ, ಸುಡುವ ಬಿಸಿಲು ಎರಡೂ ಸೇರಿದ ಕುಷ್ಟಗಿ, ಯಲಬುರ್ಗಾದ ಎರೆ, ಮಸಬು ನೆಲಗಳಲ್ಲಿ ಮಾಂಸ ಬೇಗ ಗರಿಗರಿಯಾಗುತ್ತದೆ. ಕುರಿಸಾಕಣೆ ಇಲ್ಲಿ ಹಳೆಯ ಕಸುಬು. ರಾಯಚೂರು ಸೀಮೆಯ ಕೆಂಗುರಿ ತಳಿಯ ನೆಲೆಗಳಲ್ಲಿ ಗಂಗಾವತಿಯೂ ಒಂದು. ಕೋಳಿಯನ್ನು ಒಣಗಿಸುವುದು ಅಪರೂಪ. ಒಂದು ಜವಾರಿ ಹುಂಜ ಒಂದು ಮನೆಗೆ ಒಂದು ಹೊತ್ತಿನ ಸಾರು; ಉಳಿಯುವ ಪ್ರಶ್ನೆಯೇ ಬರುತ್ತಿರಲಿಲ್ಲ. ತುಂಗಭದ್ರೆಯ ದಂಡೆಯ ಹುಲಿಗಿಯಲ್ಲಿ ಹುಲಿಗೆಮ್ಮನ ಹರಕೆಯ ಅಡುಗೆ ಕೂಡ ಅಂದೇ ಬೆಂದು ಅಂದೇ ಮುಗಿಯುವಂಥದ್ದು. (ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು 1959ರ ಕಾಯ್ದೆ ನಿಷೇಧಿಸಿದೆ.) ಕೋಳಿ ಉಳಿಯತೊಡಗಿದ್ದು ಕಿಲೋ ಲೆಕ್ಕದಲ್ಲಿ ಮಾಂಸ ತರುವ ರೂಢಿ ಬಂದ ಮೇಲೆ, ಫ್ರಿಜ್ಜು ಬಂದ ಮೇಲೆ.

ಕೋಳಿ

ಫಾರಂ ಕೋಳಿ ಈ ಸೀಮೆಗೆ ಬಂದದ್ದು ನೀರಾವರಿಯ ಬೆನ್ನಲ್ಲೇ. 1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳ ನುಚ್ಚು, ತೌಡು, ಸುತ್ತಲಿನ ಗೋವಿನಜೋಳ ಕೋಳಿಮೇವಿಗೆ ಒದಗಿದವು. ನದಿಯಾಚೆಯ ಹೊಸಪೇಟೆ ಇವತ್ತು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನದ ದರ ಸಾರುವ ಉತ್ಪಾದನಾ ಕೇಂದ್ರಗಳಲ್ಲೊಂದು. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ಗಿರಿರಾಜ ತಳಿ ಹಿತ್ತಲ ಸಾಕಣೆಯಲ್ಲಿ ಹೆಸರು ಮಾಡಿತು. ಆದರೂ ಅಂಗಡಿಯಲ್ಲಿ ತೂಗುವುದು ಬಹುತೇಕ ಆರು ವಾರದ, ಎರಡು ಎರಡೂವರೆ ಕಿಲೋದ ಬ್ರಾಯ್ಲರ್. ಜನರ ಬಾಯಲ್ಲಿ ಬಾಯ್ಲರ್ ಕೋಳಿ.

ಸಲಾಮಿಗೆ ಬೇಕಾದದ್ದು ಈ ಬಾಯ್ಲರೇ. ಜವಾರಿ ಕೋಳಿ ಸಾರಿಗೆ ರಾಜ, ಸಲಾಮಿಗೆ ಕೆಲಸಕ್ಕೆ ಬಾರದು: ಎದೆಮಾಂಸ ಕಡಿಮೆ, ನಾರು ಬಿರುಸು, ಮೃದುವಾಗುವಷ್ಟು ಬೇಯಿಸುವ ಹೊತ್ತಿಗೆ ನೀರೆಲ್ಲ ಬಸಿದು ಹೋಗಿರುತ್ತದೆ. ಬರೀ ಎದೆಮಾಂಸ ಹಾಕಿದರೆ ಹೋಳು ಒಣಗಿದಂತಾಗುತ್ತದೆ. ಮೂರು ಪಾಲು ಎದೆಗೆ ಒಂದು ಪಾಲು ತೊಡೆ ಸೇರಿದರೆ ಕೊಬ್ಬೂ ಅಂಟೂ ಸಾಕಷ್ಟಾಗುತ್ತದೆ.

ಇಲ್ಲಿಯ ಅಂಗಡಿ ಪದ್ಧತಿಯಲ್ಲಿ ದೊಡ್ಡ ಪಟ್ಟಣದವರಿಗಿಲ್ಲದ ಒಂದು ಅನುಕೂಲ ಅಡಗಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಕೋಳಿ ಕೊಯ್ದ ಕೂಡಲೇ ಅದರ ಸ್ನಾಯು ಇನ್ನೂ ಸಡಿಲವಾಗಿರುತ್ತದೆ, ಆಮ್ಲ ಏರಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಸ್ನಾಯುವಿನ ಶಕ್ತಿಯ ದಾಸ್ತಾನು ಮುಗಿದು, ಮಯೋಸಿನ್ ಮತ್ತು ಆಕ್ಟಿನ್ ಎಂಬ ಎರಡು ಪ್ರೋಟೀನುಗಳು ಒಂದಕ್ಕೊಂದು ಬೆಸೆದುಕೊಂಡು ಮಾಂಸ ಬಿಗಿಯುತ್ತದೆ. ಬಿಗಿಯುವ ಮೊದಲೇ ಕೊಚ್ಚಿ ಉಪ್ಪು ಬೆರೆಸಿದ ಮಾಂಸ ಹೆಚ್ಚು ನೀರು ಹಿಡಿಯುತ್ತದೆ, ಚೆನ್ನಾಗಿ ಅಂಟಿಕೊಳ್ಳುತ್ತದೆ. ಜರ್ಮನಿಯ ಹಳೆಯ ಕಟುಕರು ಬಿಸಿಯಾರದ ಮಾಂಸದಿಂದಲೇ ಸಾಸೇಜ್ ಮಾಡುತ್ತಿದ್ದುದು ಇದೇ ಕಾರಣಕ್ಕೆ. ಶೀತಲೀಕರಿಸಿದ ಮಾಂಸ ಬಳಸುವ ಕಾರ್ಖಾನೆಗಳು ಇದೇ ಗುಣವನ್ನು ಫಾಸ್ಫೇಟ್ ಪುಡಿ ಹಾಕಿ ತಂದುಕೊಳ್ಳುತ್ತವೆ. ಗಂಗಾವತಿಯ ಅಂಗಡಿಯಲ್ಲಿ ಕೊಯ್ಸಿ ಅರ್ಧ ಗಂಟೆಯಲ್ಲಿ ಮನೆ ಸೇರಿದವರಿಗೆ ಅದು ಪುಕ್ಕಟೆ. ಷರತ್ತು ಒಂದೇ: ಉಪ್ಪು ಬೆರೆಸಿದ ತಕ್ಷಣ ಫ್ರಿಜ್ಜಿಗೆ ಸೇರಿಸಬೇಕು, ಹೊರಗೆ ಬಿಡಬಾರದು.

ಉಪ್ಪು ಮತ್ತು ನಾದುವಿಕೆ

ಸಲಾಮಿಯನ್ನು ಹಿಡಿದು ನಿಲ್ಲಿಸುವುದು ಹಿಟ್ಟಲ್ಲ, ಮೊಟ್ಟೆಯಲ್ಲ, ಉಪ್ಪು. ಉಪ್ಪುನೀರಿನಲ್ಲಿ ಮಯೋಸಿನ್ ಕರಗಿ ಹೊರಬಂದು ತುಂಡುಗಳ ಮೇಲೆ ಜಿಗುಟಾಗಿ ಕೂಡುತ್ತದೆ. ಬೆಂದಾಗ ಅದೇ ಹೆಪ್ಪುಗಟ್ಟಿ ತುಂಡುಗಳನ್ನು ಒಂದುಗೂಡಿಸುತ್ತದೆ. ಇದಕ್ಕೆ ಮಾಂಸದ ತೂಕದ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಉಪ್ಪು ಬೇಕು. ಒಂದು ಕಿಲೋಗೆ 18 ಗ್ರಾಂ ಅಂದರೆ ಪುಡಿ ಉಪ್ಪಿನ ಮೂರು ಮಟ್ಟಸ ಚಹಾಚಮಚ. ಕೈಯಳತೆಗೆ ಒಗ್ಗಿದ ನಮ್ಮ ಅಡುಗೆಯಲ್ಲಿ ಇದೊಂದಕ್ಕೆ ಮಾತ್ರ ತಕ್ಕಡಿ ತರುವುದು ಲೇಸು. ಸಾರಿನಲ್ಲಿ ಉಪ್ಪು ಕಮ್ಮಿಯಾದರೆ ಆಮೇಲೆ ಹಾಕಬಹುದು. ಸಲಾಮಿಯಲ್ಲಿ ಕಮ್ಮಿಯಾದರೆ ಹೋಳು ಪುಡಿಯಾಗುತ್ತದೆ, ಆಮೇಲೆ ಯಾವ ಉಪಾಯವೂ ಇಲ್ಲ.

ಮಾಂಸದ ಅರ್ಧವನ್ನು ನುಣ್ಣಗೆ ರುಬ್ಬಿ, ಉಳಿದರ್ಧವನ್ನು ಬೆರಳ ತುದಿಯಷ್ಟು ದಪ್ಪ ಕೊಚ್ಚಿ ಬೆರೆಸಿದರೆ ಹೋಳಿನಲ್ಲಿ ತುಂಡುಗಳು ಎದ್ದು ಕಾಣುತ್ತವೆ. ಮಿಕ್ಸರ್ ಜಾರಿನ ಶತ್ರು ಅದರದೇ ಬಿಸಿ. ನುಣ್ಣನೆಯ ಹಿಟ್ಟು 12 ಡಿಗ್ರಿ ದಾಟಿದರೆ ಕೊಬ್ಬು ಬಿಟ್ಟುಕೊಳ್ಳತೊಡಗುತ್ತದೆ, ಬೆಂದ ಮೇಲೆ ಡಬ್ಬಿಯ ತಳದಲ್ಲಿ ಎಣ್ಣೆ, ನೀರು ಬೇರೆಬೇರೆ ನಿಂತಿರುತ್ತವೆ. ಜಾರನ್ನೂ ಮಾಂಸವನ್ನೂ ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ, ಕಿಲೋಗೆ 100 ಮಿಲಿ ಮಂಜುನೀರು ಹಾಕಿ, ಬಿಟ್ಟುಬಿಟ್ಟು ತಿರುಗಿಸಬೇಕು. ಅಂಗಡಿಯಲ್ಲೇ ಖೈಮಾ ಮಾಡಿಸುವವರು ಯಂತ್ರ ತೊಳೆದಿದ್ದಾರೆಯೇ ಎಂದು ನೋಡಿಯೇ ಮುಂದುವರಿಯಬೇಕು. ಹಿಂದಿನ ಗಿರಾಕಿಯ ಮಾಂಸ ಅದರ ಹೊಟ್ಟೆಯಲ್ಲೇ ಇರುವುದುಂಟು.

ಆಮೇಲೆ ನಾದುವುದು. ಇದು ರೊಟ್ಟಿ ಹಿಟ್ಟು ಮಿದಿಯುವ ಕೈಗಳಿಗೆ ಹೊಸದಲ್ಲ: ಅಂಗೈಗೆ ಮೆತ್ತಿದ ಮುದ್ದೆ ಕೈ ಬೋರಲು ಮಾಡಿದರೂ ಬೀಳದಷ್ಟು ಅಂಟು ಬರುವವರೆಗೆ ನಾದಬೇಕು. ಹತ್ತು ನಿಮಿಷವಾದರೂ ಬೇಕಾಗುತ್ತದೆ. ಬಳಿಕ ಮುಚ್ಚಿ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪು ದಪ್ಪ ತುಂಡುಗಳ ಒಳಗೂ ಇಳಿಯುತ್ತದೆ.

ಹೋಳಿನ ಸಂದುಗಳನ್ನು ತುಂಬಲು ಕೆಲವರು ಜೆಲಟಿನ್ ಪುಡಿ ಹಾಕುತ್ತಾರೆ. ಪುಡಿ ಯಾವ ಪ್ರಾಣಿಯದೆಂದು ಪೊಟ್ಟಣದ ಮೇಲೆ ಸ್ಪಷ್ಟವಿಲ್ಲದಿದ್ದರೆ ಹಿಂದೂ ಮನೆಯಲ್ಲೂ ಮುಸ್ಲಿಂ ಮನೆಯಲ್ಲೂ ತಕರಾರು ಬರುವುದು ಸಹಜ. ಅದಕ್ಕಿಂತ ಸರಳ ದಾರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೋಳಿಕಾಲು. ಉಗುರು, ಮೇಲಿನ ಸಿಪ್ಪೆ ತೆಗೆದ ಕಾಲುಗಳನ್ನು ಸ್ವಲ್ಪ ನೀರಿನಲ್ಲಿ ಅರ್ಧ ಗಂಟೆ ಕುಕ್ಕರಿನಲ್ಲಿ ಬೇಯಿಸಿ ಸೋಸಿದರೆ, ತಂಪಾದ ಮೇಲೆ ಆ ರಸ ಗಟ್ಟಿಯಾಗಿ ನಡುಗುತ್ತದೆ. ಮಂಜುನೀರಿನ ಬದಲು ಅದನ್ನೇ ಬೆರೆಸಬಹುದು.

ಶಾಖ

ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡ ಏರಿಸಿ ಬೇಯಿಸುವ ಯಂತ್ರವನ್ನು ಫ್ರಾನ್ಸಿನ ದೆನಿ ಪಾಪೆ 1679ರಲ್ಲಿ ತೋರಿಸಿದ. ವಿದ್ಯುತ್ತಿನಿಂದ ನಡೆದು, ಶಾಖವನ್ನೂ ಹೊತ್ತನ್ನೂ ತಾನೇ ನೋಡಿಕೊಳ್ಳುವ ಬಗೆಗೆ, ಅಂದರೆ ಮಲ್ಟಿಕುಕ್ಕರಿಗೆ, ಜಗತ್ತಿನಾದ್ಯಂತ ಹೆಸರು ತಂದ ಇನ್‌ಸ್ಟಂಟ್ ಪಾಟ್ ಕೆನಡಾದಿಂದ ಮಾರುಕಟ್ಟೆಗೆ ಬಂದದ್ದು 2010ರಲ್ಲಿ. ವಿದೇಶದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಅದು ಹೊಸದಲ್ಲ. ರಷ್ಯಾದಲ್ಲಿ ಸ್ಪ್ರಿಂಗ್ ಒತ್ತುವ ಲೋಹದ ಡಬ್ಬಿಯಲ್ಲಿ ಕೋಳಿಮಾಂಸ ತುಂಬಿ ಮಲ್ಟಿಕುಕ್ಕರಿನಲ್ಲಿ ಬೇಯಿಸುವುದು ಮನೆಮಾತಾದ ಅಡುಗೆ.

ಕೊಪ್ಪಳದ ಪೇಟೆಯಲ್ಲಿ ಮಲ್ಟಿಕುಕ್ಕರ್ ಕೇಳಿದರೆ ಅಂಗಡಿಯವರು ಬೇರೆಬೇರೆ ಸಾಮಾನು ತೋರಿಸಬಹುದು. ಒಂದು, ಕೆಟಲಿನಂಥ ತಳದ, ಒತ್ತಡವಿಲ್ಲದ ಒಂದೆರಡು ಲೀಟರಿನ ಕರೆಂಟ್ ಪಾತ್ರೆ; ಬಾಡಿಗೆ ಕೋಣೆಯ ಹುಡುಗರು ಮ್ಯಾಗಿ, ಮೊಟ್ಟೆ ಬೇಯಿಸುವುದು ಇದರಲ್ಲೇ. ಇನ್ನೊಂದು ಅನ್ನದ ಕರೆಂಟ್ ಕುಕ್ಕರ್. ಮೂರನೆಯದು ಒತ್ತಡದ ನಿಜವಾದ ಮಲ್ಟಿಕುಕ್ಕರ್. ಸಲಾಮಿಗೆ ಮೂರೂ ನಡೆಯುತ್ತವೆ, ಆದರೆ ಮೂರರ ಶಾಖ ಬೇರೆಬೇರೆ. ಸಮುದ್ರಮಟ್ಟದಿಂದ ಸುಮಾರು 530 ಮೀಟರ್ ಎತ್ತರದ ಕೊಪ್ಪಳದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೆ ಕುದಿಯುತ್ತದೆ. ವಿದ್ಯುತ್ ಒತ್ತಡದ ಕುಕ್ಕರ್ 115ರಿಂದ 118 ಡಿಗ್ರಿಗೆ ಹೋಗುತ್ತದೆ. ಒಲೆಯ ಮೇಲಿನ ಸೀಟಿ ಕುಕ್ಕರಿನದು 120ರ ಆಸುಪಾಸು.

ಕೋಳಿಯ ಎದೆಮಾಂಸಕ್ಕೆ ಇಷ್ಟೆಲ್ಲ ಬೇಡ. ಮಯೋಸಿನ್ 50 ದಾಟಿದಂತೆ ಹೆಪ್ಪುಗಟ್ಟತೊಡಗುತ್ತದೆ; 70ರ ಸುಮಾರಿಗೆ ಆಕ್ಟಿನ್ ಕುಗ್ಗಿ ನಾರಿನೊಳಗಿನ ನೀರನ್ನು ಹಿಂಡಲು ಶುರುಮಾಡುತ್ತದೆ. ರೋಗಾಣು ಸಾಯಲು ನಡುಭಾಗ 74 ಡಿಗ್ರಿ ಮುಟ್ಟಿದರೆ ಸಾಕು. ಅಂದರೆ ಗುರಿ 74, ಅದಕ್ಕಿಂತ ಬಹಳ ಮೇಲೆ ಹೋಗುವಂತಿಲ್ಲ. ಐದಾರು ಸೀಟಿ ಹೊಡೆಸಿದ ಸಲಾಮಿ ಕೊಯ್ಯುವಾಗ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ; ರುಚಿಯೆಲ್ಲ ಕೆಳಗಿನ ನೀರಿಗೆ ಇಳಿದಿರುತ್ತದೆ. ಸೀಟಿ ಎಣಿಸುವ ಅಭ್ಯಾಸವನ್ನು ಈ ಅಡುಗೆಯ ಮಟ್ಟಿಗೆ ಬಿಡಬೇಕು. ಬೇಕಾದದ್ದು ಚೂಪು ತುದಿಯ ಒಂದು ಅಡುಗೆ ಥರ್ಮಾಮೀಟರ್. ಮಲ್ಟಿಕುಕ್ಕರ್ ಇಲ್ಲದೆಯೂ ಸಲಾಮಿ ಮಾಡಬಹುದು. ಥರ್ಮಾಮೀಟರ್ ಇಲ್ಲದೆ ಮಾಡುವುದು ಬರೀ ಅಂದಾಜು.

ನಾದಿದ ಮಾಂಸವನ್ನು ಗಾಳಿ ಉಳಿಯದಂತೆ ಒತ್ತಿ ತುಂಬಬೇಕು. ನೆಟ್ಟನೆಯ ಗೋಡೆಯ ಸ್ಟೀಲ್ ಡಬ್ಬಿ ಒಳ್ಳೆಯದು. ಬೆಂದಮೇಲೆ ಉರುಳೆ ಸಲೀಸಾಗಿ ಜಾರಿ ಬರುತ್ತದೆ. ಡಬ್ಬಿಯ ಒಳಗೆ ಬಾಳೆ ಎಲೆ ಹಾಸಿದರೆ ಅಂಟುವುದಿಲ್ಲ, ಪರಿಮಳವೂ ಬರುತ್ತದೆ. ಆನೆಗೊಂದಿ ಸುತ್ತ ಬಾಳೆತೋಟಗಳಿರುವುದರಿಂದ ಗಂಗಾವತಿ ಕಡೆಯವರಿಗೆ ಎಲೆ ಸುಲಭ. ಎಲೆಯನ್ನು ಕೆಂಡದ ಮೇಲೆ ಬಾಡಿಸಿಕೊಂಡರೆ ಸೀಳುವುದಿಲ್ಲ. ಡಬ್ಬಿಯ ಅಗಲ ಏಳೆಂಟು ಸೆಂಟಿಮೀಟರ್ ಮೀರದಿರಲಿ. ದಪ್ಪ ಹೆಚ್ಚಿದಷ್ಟೂ ನಡುಭಾಗ ಬೇಯುವುದೂ ತಡ, ಆಮೇಲೆ ತಣಿಯುವುದೂ ತಡ.

ಒತ್ತಡವಿಲ್ಲದ ಪಾತ್ರೆಯಲ್ಲಿ ಡಬ್ಬಿಯ ಮುಕ್ಕಾಲು ಎತ್ತರಕ್ಕೆ ನೀರು ಹಾಕಿ, ಕುದಿ ಬರಲು ಬಿಡದೆ 80ರಿಂದ 85 ಡಿಗ್ರಿಯಲ್ಲಿ ಇಟ್ಟರೆ ಒಂದೂವರೆ ಗಂಟೆ ಹಿಡಿಯಬಹುದು. ಶಾಖ ಹಿಡಿದಿಡುವ ಗುಂಡಿಯಿಲ್ಲದ ಕುಕ್ಕರಿನಲ್ಲಿ ಆಗಾಗ ಸ್ವಿಚ್ ಆರಿಸಿ ಹಾಕುವುದೊಂದೇ ದಾರಿ. ಒತ್ತಡದ ಮಲ್ಟಿಕುಕ್ಕರಿನಲ್ಲಿ ತಳಕ್ಕೆ ಎರಡು ಲೋಟ ನೀರು, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಡಬ್ಬಿ. ಕಡಿಮೆ ಒತ್ತಡದ ಆಯ್ಕೆ ಇದ್ದರೆ ಅದನ್ನೇ ಒತ್ತಬೇಕು. ಅರ್ಧ ಗಂಟೆ ಆದಮೇಲೆ ಆರಿಸಿ, ಹಬೆ ತಾನಾಗಿ ಇಳಿಯಲು ಬಿಡಬೇಕು. ವಾಲ್ವ್ ಎತ್ತಿ ಒಮ್ಮೆಲೇ ಹಬೆ ಬಿಟ್ಟರೆ ಮಾಂಸದೊಳಗಿನ ಕಾದ ನೀರು ಕುದಿದೆದ್ದು ಉರುಳೆಯಲ್ಲಿ ಬಿರುಕು ಬೀಳುತ್ತದೆ. ತೆರೆದು ನಡುಭಾಗಕ್ಕೆ ಥರ್ಮಾಮೀಟರ್ ಚುಚ್ಚಿ, 74 ಬಾರದಿದ್ದರೆ ಮತ್ತೆ ಹತ್ತು ನಿಮಿಷ. ಹಲವು ಮಲ್ಟಿಕುಕ್ಕರುಗಳ ಬಿಸಿ ಕಾಯ್ದಿಡುವ ಗುಂಡಿ 63ರಿಂದ 78 ಡಿಗ್ರಿಯ ನಡುವೆ ಆಡುತ್ತದೆ. ಅದರಲ್ಲೇ ನಿಧಾನವಾಗಿ ಬೇಯಿಸಬಹುದಲ್ಲ ಎಂಬ ಆಸೆ ಹುಟ್ಟುವುದು ಸಹಜ, ಆದರೆ ತಣ್ಣನೆ ಮಾಂಸವನ್ನು ಅದರಲ್ಲಿಟ್ಟರೆ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಉಳಿಯುತ್ತದೆ, ರೋಗಾಣುವಿಗೆ ಅದೇ ಸುಗ್ಗಿಕಾಲ. ವಿದ್ಯುತ್ ಖರ್ಚು ದೊಡ್ಡದಲ್ಲ: 1,000 ವಾಟಿನ ಯಂತ್ರ ಒಂದು ಗಂಟೆ ಎಡೆಬಿಡದೆ ಉರಿದರೆ ಒಂದು ಯೂನಿಟ್, ಇದು ನಡುನಡುವೆ ಆರುತ್ತ ಹತ್ತುತ್ತ ನಡೆಯುವಂಥದ್ದು.

ತಣಿಸುವಿಕೆ

ಬೆಂದ ಮಾಂಸ ಸುರಕ್ಷಿತ ಎಂಬ ನಂಬಿಕೆಯೇ ಇಲ್ಲಿ ಅಪಾಯಕಾರಿ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ 74 ಡಿಗ್ರಿಯಲ್ಲಿ ಸಾಯುತ್ತವೆ, ನಿಜ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದರ ಬೀಜಕಣಗಳು ಸಾಯುವುದಿಲ್ಲ. ಬೆಂದ ಮಾಂಸ ಆರುತ್ತ 45 ಡಿಗ್ರಿಯ ಹತ್ತಿರ ಬಂದಾಗ ಅವು ಮೊಳೆತು, ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಇಮ್ಮಡಿಯಾಗುವಷ್ಟು ವೇಗದಲ್ಲಿ ಬೆಳೆಯಬಲ್ಲವು. ತಣ್ಣನೆ ದೇಶದಲ್ಲಿ ಬರೆದ ಅಡುಗೆಪುಸ್ತಕ ಮೇಜಿನ ಮೇಲೆ ಆರಲು ಬಿಡಿ ಎಂದರೆ ಅಲ್ಲಿ ನಡೆದೀತು. ಏಪ್ರಿಲ್ ಮಧ್ಯಾಹ್ನ ಯಲಬುರ್ಗಾದ ತಗಡಿನ ಮನೆಯೊಳಗಿನ ಸೆಕೆಯಲ್ಲಿ ಆ ಉರುಳೆ 45ರ ಸುತ್ತಮುತ್ತಲೇ ಸಂಜೆಯವರೆಗೆ ಕೂತಿರುತ್ತದೆ.

ಆಹಾರ ಸುರಕ್ಷತೆಯಲ್ಲಿ ಒಪ್ಪಿತವಾದ ಲೆಕ್ಕ ಹೀಗಿದೆ: 60ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5 ಡಿಗ್ರಿಗೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ನಲ್ಲಿನೀರು ಸಾಲದು, ಮಾಳಿಗೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರು ಬೇಸಿಗೆಯಲ್ಲಿ ಕೈ ಸುಡುತ್ತದೆ. ಮಣ್ಣಿನ ಗಡಿಗೆಯ ನೀರು ಮೊದಲ ಸುತ್ತಿಗೆ ವಾಸಿ, ಆಮೇಲೆ ಮಂಜುಗಡ್ಡೆಯೇ ಬೇಕು. ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಒಂದು ಕಿಲೋ ಮಾಂಸವನ್ನು 75ರಿಂದ 5 ಡಿಗ್ರಿಗೆ ಇಳಿಸಲು ಸುಮಾರು 245 ಕಿಲೋಜೌಲ್ ಶಾಖ ತೆಗೆಯಬೇಕು; ಒಂದು ಕಿಲೋ ಮಂಜು ಕರಗುವಾಗ 334 ಕಿಲೋಜೌಲ್ ಹೀರುತ್ತದೆ. ಡಬ್ಬಿ, ಸುತ್ತಲಿನ ನೀರು, ಕೋಣೆಯ ಸೆಕೆ ಎಲ್ಲ ಸೇರಿಸಿದರೆ ಕಿಲೋ ಮಾಂಸಕ್ಕೆ ಒಂದೂವರೆ ಕಿಲೋ ಮಂಜು ಎಂದಿಟ್ಟುಕೊಳ್ಳುವುದು ಕ್ಷೇಮ. ಫ್ರಿಜ್ಜಿನ ಒಂದು ಐಸ್ ಟ್ರೇ ಇದಕ್ಕೆ ಯಾತಕ್ಕೂ ಸಾಲದು. ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟರೆ, ಬೋಗಾಣಿಯ ನೀರಿನಲ್ಲಿ ಡಬ್ಬಿಯ ಸುತ್ತ ಅವನ್ನು ನಿಲ್ಲಿಸಬಹುದು, ಮತ್ತೆ ಮತ್ತೆ ಬಳಸಬಹುದು. ಮೀನಿನ ಅಂಗಡಿಯ ಗಡ್ಡೆ ತಂದರೆ ಅದು ಡಬ್ಬಿಯ ಹೊರಗಿರಲಿ, ಮಾಂಸಕ್ಕೆ ತಾಗದಿರಲಿ.

ಬಿಸಿ ಡಬ್ಬಿಯನ್ನು ನೇರ ಫ್ರಿಜ್ಜಿಗೆ ತುರುಕಿದರೆ ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ. ಮಂಜುನೀರಿನಲ್ಲಿ ಗಂಟೆಯಿಟ್ಟು, ಮುಟ್ಟಿದರೆ ತಂಪೆನಿಸಿದ ಮೇಲೆ, ಡಬ್ಬಿಯ ಬಾಯಿಗೆ ಸಣ್ಣ ತಟ್ಟೆ, ಅದರ ಮೇಲೆ ಭಾರವಿಟ್ಟು ಫ್ರಿಜ್ಜಿನ ಹಿಂಬದಿಗೆ ಸೇರಿಸಬೇಕು. ರಾತ್ರಿಯಿಡೀ ಒತ್ತಿದ ಉರುಳೆ ಗಟ್ಟಿಯಾಗಿ, ಬಿಟ್ಟ ರಸ ಸುತ್ತಲೂ ಹೆಪ್ಪಾಗಿ, ಚೂಪು ಚಾಕುವಿಗೆ ತೆಳ್ಳಗೆ ಸಿಗುತ್ತದೆ. ಅವಸರಪಟ್ಟು ಅಂದೇ ಕೊಯ್ದರೆ ಪುಡಿಪುಡಿ. ಕರೆಂಟ್ ಹೋಗಿ ನಾಲ್ಕು ಗಂಟೆಯಾದರೆ, ಬಾಗಿಲು ತೆರೆಯದಿದ್ದರೂ, ಫ್ರಿಜ್ಜಿನ ಒಳಗಿನ ತಂಪು ನಂಬುವಂಥದ್ದಲ್ಲ. ಮಳೆಗಾಲ, ಚಳಿಗಾಲಗಳಲ್ಲಿ ಇದನ್ನು ಮಾಡಿ, ಯುಗಾದಿಯಿಂದ ಮಿರುಗದ ಮಳೆಯವರೆಗೆ ಕೈಬಿಡುವುದು ಈ ಜಿಲ್ಲೆಗೆ ಹೊಂದುವ ಪಂಚಾಂಗ. ಬೇಸಿಗೆ ಒಣಖಂಡದ ಕಾಲ.

ಸರಿಯಾಗಿ ತಣಿಸಿದ ಉರುಳೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಬಾಳುತ್ತದೆ, ಅಷ್ಟೇ. ಲಿಸ್ಟೀರಿಯಾ ಎಂಬ ರೋಗಾಣು ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುವಂಥದ್ದು. ಬಸುರಿಯರು, ಮುದುಕರು ತಣ್ಣನೆ ಹೋಳನ್ನು ಹಾಗೆಯೇ ತಿನ್ನದೆ, ಹಂಚಿನ ಮೇಲೆ ಹೊಗೆಯಾಡುವಂತೆ ಬಿಸಿ ಮಾಡಿ ತಿನ್ನಬೇಕು. ಹೋಳುಗಳ ನಡುವೆ ಬೆಣ್ಣೆಕಾಗದ ಇಟ್ಟು ಫ್ರೀಜರಿನಲ್ಲಿಟ್ಟರೆ ಎರಡು ತಿಂಗಳು ರುಚಿ ಕೆಡುವುದಿಲ್ಲ. ಗಾಳಿ ತೆಗೆದು ಮುಚ್ಚಿದ ಪೊಟ್ಟಣದಲ್ಲಿ ಹೊರಗಿಡುವ ಸಾಹಸ ಮಾತ್ರ ಯಾರೂ ಮಾಡಬಾರದು: ಗಾಳಿಯಿಲ್ಲದಲ್ಲಿ ಬೆಳೆಯುವ ಬಾಟುಲಿನಂ ರೋಗಾಣುವಿನ ವಿಷ ಪ್ರಾಣ ತೆಗೆಯುತ್ತದೆ. ಫ್ರಿಜ್ಜಿಲ್ಲದೆ ಇಡುವ ಮಾಂಸದ ಪೊಟ್ಟಣಗಳ ನಡುಭಾಗವನ್ನು 121 ಡಿಗ್ರಿಯಲ್ಲಿ ನಿಮಿಷಗಟ್ಟಲೆ ಹಿಡಿದು ಬೇಯಿಸಿರುತ್ತಾರೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ರೂಪಿಸಿದ ಪೊಟ್ಟಣದ ಊಟಗಳು ಆ ಜಾತಿಯವು. ಮನೆಯ ಕುಕ್ಕರಿನ ಸೀಟಿ ಅದಕ್ಕೆ ಸಮನಲ್ಲ.

ಬಣ್ಣ ಮತ್ತು ನೈಟ್ರೈಟ್

ಪ್ಯಾಕೆಟ್ ಸಲಾಮಿ ಗುಲಾಬಿ, ಮನೆಯದು ಬೂದು ಬಿಳುಪು. ವ್ಯತ್ಯಾಸ ಸೋಡಿಯಂ ನೈಟ್ರೈಟಿನದು. ಅದು ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿ ಶಾಖಕ್ಕೂ ಕೆಡದ ಗುಲಾಬಿ ಬಣ್ಣ ಕೊಡುತ್ತದೆ, ಬಾಟುಲಿನಂ ಬೆಳೆಯದಂತೆ ತಡೆಯುತ್ತದೆ, ಬಾಳಿಕೆ ಹೆಚ್ಚಿಸುತ್ತದೆ. ಆದರೆ ಅದರ ಪ್ರಮಾಣ ಕಿಲೋಗೆ ಮಿಲಿಗ್ರಾಂಗಳ ಲೆಕ್ಕದ್ದು, ಕೈತಪ್ಪಿದರೆ ವಿಷ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಸಂಸ್ಕರಿತ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದ್ದೆಂದು ವರ್ಗೀಕರಿಸಿತು. ನಾಲ್ಕು ದಿನದಲ್ಲಿ ತಿಂದು ಮುಗಿಸುವ ಮನೆಯ ಉರುಳೆಗೆ ನೈಟ್ರೈಟ್ ಬೇಡವೇ ಬೇಡ. ಬಣ್ಣ ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿಯ ನುಣುಪು ಪುಡಿ ಸಾಕು. ನೈಟ್ರೈಟ್ ಬಿಟ್ಟ ಮಾತ್ರಕ್ಕೆ ಇದು ಔಷಧವಾಗುವುದಿಲ್ಲ: ನೂರು ಗ್ರಾಂ ಹೋಳಿನಲ್ಲಿ ಒಂದೂಮುಕ್ಕಾಲು ಗ್ರಾಂ ಉಪ್ಪಿರುತ್ತದೆ, ದಿನಕ್ಕೆ ಐದು ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಪಿ ಇದ್ದವರು ಎರಡು ಹೋಳಿಗೆ ನಿಲ್ಲಿಸಬೇಕು.

ರುಚಿ, ಊಟ, ಮನೆ

ಕರಿಮೆಣಸು, ಜಾಯಿಕಾಯಿ ಹಾಕುವುದು ಯುರೋಪಿನ ರೂಢಿ. ಇಲ್ಲಿ ಜಜ್ಜಿದ ಬಳ್ಳೊಳ್ಳಿ, ಹಸಿಶುಂಠಿ, ಮನೆಯ ಮಸಾಲಿ ಖಾರ ಹಾಕಿದರೂ ಉರುಳೆ ಕೆಡುವುದಿಲ್ಲ. ಹಸಿ ಉಳ್ಳಾಗಡ್ಡಿ ಮಾತ್ರ ನೀರು ಬಿಟ್ಟು ಹೋಳನ್ನು ಸಡಿಲಿಸುತ್ತದೆ, ಅದನ್ನು ಹುರಿದೇ ಹಾಕಬೇಕು. ಹುರಿದು ಕುಟ್ಟಿದ ಗುರೆಳ್ಳನ್ನು ಉರುಳೆಯ ಹೊರಮೈಗೆ ಒತ್ತಿದರೆ ಕೊಯ್ದಾಗ ಕರಿ ಅಂಚು ಬರುತ್ತದೆ. ಬ್ರೆಡ್ಡಿನ ನಡುವೆ ಇಡುವುದು ಸಾಮಾನ್ಯ. ಆದರೆ ತೆಳು ಸಜ್ಜಿ ರೊಟ್ಟಿಯಲ್ಲಿ ಮೊಸರು, ಕೆಂಪು ಖಾರ, ಹಸಿ ಉಳ್ಳಾಗಡ್ಡಿ ಜೊತೆ ಸುತ್ತಿದ ಹೋಳು ಬ್ರೆಡ್ಡಿನದಕ್ಕಿಂತ ಮೇಲು. ಉಪ್ಪಿನ ಮಾಂಸಕ್ಕೆ ಸಜ್ಜಿಯ ಸಪ್ಪೆ ಒಗರು ಸರಿಹೊಂದುತ್ತದೆ. ಡಬ್ಬಿಯಲ್ಲಿ ಉಳಿದ ಹೆಪ್ಪನ್ನು ಚೆಲ್ಲದೆ ಸಾರಿಗೆ ಹಾಕಬಹುದು.

ಮಾಂಸ ಒಳಮನೆಗೆ ಬಾರದ, ಅಥವಾ ಸೋಮವಾರ, ಶ್ರಾವಣ ಬಿಟ್ಟು ಬೇರೆ ದಿನ ಮಾತ್ರ ಬೇಯುವ ಮನೆಗಳು ಈ ಸೀಮೆಯಲ್ಲಿ ಕಮ್ಮಿಯಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಬೇರೆ ಬೋಗಾಣಿಯಲ್ಲಿ ಕೋಳಿ ಬೇಯಿಸುವ ಆ ಪದ್ಧತಿಗೆ ಕರೆಂಟ್ ಕುಕ್ಕರ್ ಸಲೀಸಾಗಿ ಒಗ್ಗುತ್ತದೆ: ಪಡಸಾಲೆಯ ಪ್ಲಗ್ಗಿಗೆ ಚುಚ್ಚಿದರೆ ಆಯಿತು, ಒಲೆ ಮೈಲಿಗೆಯೆಂಬ ಮಾತು ಬರುವುದಿಲ್ಲ. ತೊಡಕು ಬರುವುದು ಫ್ರಿಜ್ಜಿನಲ್ಲಿ. ಅದು ಒಂದೇ ಇರುತ್ತದೆ, ಅದೂ ಒಳಮನೆಯಲ್ಲಿ, ದೇವರ ಹಾಲು, ಹೂವು ಇಡುವ ಜಾಗವೂ ಅದೇ. ಸಲಾಮಿ ಎಷ್ಟೋ ಮನೆಗಳಿಗೆ ಬಾರದಿರುವುದಕ್ಕೆ ಹಣಕ್ಕಿಂತ, ತಿಳಿವಳಿಕೆಗಿಂತ, ಇದೇ ದೊಡ್ಡ ಕಾರಣವಿರಬೇಕು. ರಬ್ಬರ್ ಗ್ಯಾಸ್ಕೆಟ್ ಕೂಡ ಮಾಂಸದ ವಾಸನೆಯನ್ನು ಬಿಡದೆ ಹಿಡಿಯುತ್ತದೆ. ಅದೇ ಕುಕ್ಕರಿನಲ್ಲಿ ಪಾಯಸ ಮಾಡುವವರು ಎರಡು ಗ್ಯಾಸ್ಕೆಟ್ ಇಟ್ಟುಕೊಳ್ಳುತ್ತಾರೆ.

ಮನೆಯಲ್ಲಿ ಮಾಡಿ ನೆರೆಹೊರೆಗೆ ಮಾರಲು ಹೊರಟರೆ ಅದು ಮನೆಯಡುಗೆಯಾಗಿ ಉಳಿಯುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಸಣ್ಣ ತಯಾರಕರೂ ನೋಂದಣಿ ಮಾಡಿಸಬೇಕು, ಪೊಟ್ಟಣದ ಮೇಲೆ ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ, ಒಳಗಿನ ಪದಾರ್ಥ, ಮಾಂಸಾಹಾರದ ಗುರುತು ಹಾಕಬೇಕು. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿಯನ್ನು ಇಂಥ ಚೀಟಿ ಹಚ್ಚಿ ಮಾರುವ ಮಹಿಳಾ ಸಂಘಗಳಿಗೆ ಕಾಗದಪತ್ರ ಕಷ್ಟವಲ್ಲ. ಆದರೆ ಚಟ್ನಿಯ ಪೊಟ್ಟಣ ಬಸ್ಸಿನ ಡಿಕ್ಕಿಯಲ್ಲಿ ಕುಷ್ಟಗಿಗೆ ಹೋಗಿ ಇಳಿದರೂ ಕೆಡುವುದಿಲ್ಲ; ಸಲಾಮಿಯನ್ನು ಹಾಗೆ ಕಳಿಸುವಂತಿಲ್ಲ. ಮಾರುವವರ ಫ್ರಿಜ್ಜಿನಿಂದ ಕೊಳ್ಳುವವರ ಫ್ರಿಜ್ಜಿನವರೆಗೆ 5 ಡಿಗ್ರಿ ತಪ್ಪಬಾರದು. ಆ ಏರ್ಪಾಡು ಇಲ್ಲದವರು ಮುಂಗಡ ಹೇಳಿದವರಿಗಷ್ಟೇ, ಅದೂ ಮಂಜು ತುಂಬಿದ ಡಬ್ಬಿಯಲ್ಲಿಟ್ಟು, ಅದೇ ಊರಿನೊಳಗೆ ಕೊಡುವುದು ಸರಿ.